ಮೂರು ಮೈಲಿಯ ಜಗಳ, ಒಂದು ಗಾಳಿಗಿರಣಿ

ಅಮೆರಿಕದ ಐಯೋವಾ ರಾಜ್ಯದ ಪಶ್ಚಿಮಕ್ಕೆ ಎಲ್ಕ್ ಹಾರ್ನ್, ಕಿಂಬಲ್ಟನ್ ಎಂಬ ಎರಡು ಪುಟ್ಟ ಊರುಗಳಿವೆ. ನಡುವೆ ಮೂರು ಮೈಲಿ ದಾರಿ, ಸುತ್ತ ಕಣ್ಣು ಹಾಯುವಷ್ಟು ದೂರ ಮೆಕ್ಕೆಜೋಳ ಮತ್ತು ಸೋಯಾ. ಎರಡನ್ನೂ ಬೆಳೆಸಿದವರು ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಡೆನ್ಮಾರ್ಕಿನಿಂದ ಬಂದ ರೈತಾಪಿ ಜನ. ಆಡುವ ಮಾತು ಒಂದು, ಹಬ್ಬದ ಅಡುಗೆ ಒಂದು, ನಂಬಿದ ಲೂಥರನ್ ಪಂಥವೂ ಒಂದೇ. ಆದರೂ ಎರಡೂರಿನ ಚರ್ಚುಗಳು 1894ರಿಂದ 1988ರವರೆಗೆ ಬೇರೆ ಬೇರೆ ಸಭೆಗಳಿಗೆ ಸೇರಿದ್ದವು. ಎಲ್ಕ್ ಹಾರ್ನಿನವರು ‘ಭಕ್ತ ಡೇನರು’, ಕಿಂಬಲ್ಟನ್ನಿನವರು ‘ಖುಷಿಯ ಡೇನರು’ ಎಂದು ಸುತ್ತಮುತ್ತ ಹೆಸರಾಯಿತು. ಇಂದು ಪ್ರವಾಸಿಗಳಿಗೆ ಇವು ಅಕ್ಕಪಕ್ಕದ ‘ಡ್ಯಾನಿಶ್ ಹಳ್ಳಿಗಳು’. ಗಾಳಿಗಿರಣಿ, ಹಬ್ಬ, ಸಂಗ್ರಹಾಲಯ ಎಲ್ಲವನ್ನೂ ಒಂದೇ ಸುತ್ತಿನಲ್ಲಿ ನೋಡಿ ಮುಗಿಸಬಹುದು. ಆದರೆ ಹಳೆಯ ಜಗಳವನ್ನು ತಿಳಿಯದೆ ಈ ಊರುಗಳ ಪರಂಪರೆ ಅರ್ಥವಾಗುವುದಿಲ್ಲ ಎಂಬುದು ನನ್ನ ನಂಬಿಕೆ. ತಮ್ಮತನ ಉಳಿಸಿಕೊಳ್ಳಬೇಕೆಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಯಾವುದನ್ನು ಉಳಿಸಿಕೊಂಡರೆ ತಮ್ಮತನ ಉಳಿದಂತೆ ಎಂಬುದರಲ್ಲಿ ಅವರು ಒಡೆದರು.

ಇಷ್ಟು ಜನ ಅಷ್ಟು ದೂರ ಬಂದದ್ದಾದರೂ ಏಕೆ? ಹಸಿವು ಒಂದು ಕಾರಣ, ಆದರೆ ಅದೊಂದೇ ಅಲ್ಲ. ಡೆನ್ಮಾರ್ಕಿನಲ್ಲಿ ಜನಸಂಖ್ಯೆ ಏರುತ್ತಿತ್ತು, ಹೊಲ ಏರುತ್ತಿರಲಿಲ್ಲ. ಹಿರಿಯ ಮಗನಿಗೆ ಹೊಲ ಹೋದರೆ ಕಿರಿಯರು ಇನ್ನೊಬ್ಬರ ಹಟ್ಟಿಯಲ್ಲಿ ಆಳಾಗಿ ದುಡಿಯಬೇಕಿತ್ತು. 1862ರಲ್ಲಿ ಅಮೆರಿಕದ ಹೋಮ್‌ಸ್ಟೆಡ್ ಕಾಯ್ದೆ ಬಂದು, ಉಳುವವನಿಗೆ 160 ಎಕರೆ ಎಂಬ ಸುದ್ದಿ ಕಾಗದಗಳ ಮೂಲಕ ಹಳ್ಳಿಹಳ್ಳಿಗೂ ತಲುಪಿತು. ಐಯೋವಾದ ಪಶ್ಚಿಮದಲ್ಲಿ ರೈಲ್ವೆ ಕಂಪನಿಗಳು ತಮಗೆ ಸರ್ಕಾರದಿಂದ ಬಂದ ಜಮೀನನ್ನು ವಲಸಿಗರಿಗೆ ಮಾರುತ್ತಿದ್ದವು. ಅದಕ್ಕೂ ಮೊದಲು, 1850ರ ದಶಕದಲ್ಲಿ ಮಾರ್ಮನ್ ಪಂಥಕ್ಕೆ ಸೇರಿ ಯೂಟಾಗೆ ಹೊರಟಿದ್ದ ಡೇನರಲ್ಲಿ ಕೆಲವರು ದಾರಿಯಲ್ಲೇ ಮನಸ್ಸು ಬದಲಿಸಿ ಪಶ್ಚಿಮ ಐಯೋವಾದಲ್ಲಿ ಉಳಿದುಬಿಟ್ಟಿದ್ದರು. ಮುಂದೆ ಬಂದವರಿಗೆ ಅವರೇ ಪರಿಚಯದ ಮುಖಗಳು. 1882ರ ಒಂದೇ ವರ್ಷದಲ್ಲಿ 11,000ಕ್ಕೂ ಹೆಚ್ಚು ಡೇನರು ಅಮೆರಿಕಕ್ಕೆ ಬಂದಿಳಿದರು. ಅಂದಿನ ಡೆನ್ಮಾರ್ಕಿನ ಜನಸಂಖ್ಯೆ ಸುಮಾರು 20 ಲಕ್ಷ ಎಂದು ನೆನೆದರೆ ಈ ಸಂಖ್ಯೆಯ ಭಾರ ತಿಳಿಯುತ್ತದೆ.

ಇನ್ನೊಂದು ಕಾರಣ 1864. ಆ ವರ್ಷ ಪ್ರಷ್ಯ ಮತ್ತು ಆಸ್ಟ್ರಿಯಾ ಸೇರಿ ಡೆನ್ಮಾರ್ಕನ್ನು ಸೋಲಿಸಿ ಶ್ಲೆಸ್ವಿಗ್, ಹೋಲ್‌ಸ್ಟೈನ್, ಲಾವೆನ್‌ಬರ್ಗ್ ಪ್ರಾಂತ್ಯಗಳನ್ನು ಕಿತ್ತುಕೊಂಡವು. ರಾಜ್ಯದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನೆಲ ಹೋಯಿತು. ಉತ್ತರ ಶ್ಲೆಸ್ವಿಗ್‌ನಲ್ಲಿ ಡ್ಯಾನಿಶ್ ಮಾತಾಡುವ ಮನೆಗಳ ಹುಡುಗರು ಪ್ರಷ್ಯದ ಸೇನೆಯ ಸಮವಸ್ತ್ರ ತೊಡಬೇಕಾಯಿತು. ತೊಡಲು ಮನಸ್ಸಿಲ್ಲದವರು ಹಡಗು ಹತ್ತಿದರು. ಆ ಯುದ್ಧದ ನಿರ್ಣಾಯಕ ಕಾಳಗ ನಡೆದದ್ದು ಡೂಬೊಲ್ ಎಂಬ ದಿಬ್ಬದಲ್ಲಿ, 1864ರ ಏಪ್ರಿಲ್ 18ರಂದು. ಅಲ್ಲೊಂದು ಗಾಳಿಗಿರಣಿ ಇತ್ತು. ಹಿಂದಿನ ಯುದ್ಧದಲ್ಲೂ ಈ ಯುದ್ಧದಲ್ಲೂ ಅದು ಫಿರಂಗಿಗೆ ಸಿಕ್ಕಿ ಹಾಳಾಯಿತು, ಎರಡು ಸಲವೂ ಜನ ಅದನ್ನು ಮತ್ತೆ ಕಟ್ಟಿದರು. ಇಂದಿಗೂ ಡೆನ್ಮಾರ್ಕಿನವರಿಗೆ ಡೂಬೊಲ್ ಗಿರಣಿ ಎಂದರೆ ಸೋತರೂ ಬಗ್ಗದ ನೆಲದ ಗುರುತು. ಎಲ್ಕ್ ಹಾರ್ನಿನ ಮೊಮ್ಮಕ್ಕಳು ನೂರು ವರ್ಷದ ನಂತರ ಬೇರೆಲ್ಲವನ್ನೂ ಬಿಟ್ಟು ಗಾಳಿಗಿರಣಿಗೇ ಮನಸೋತದ್ದನ್ನು ನೋಡಿದಾಗ ನನಗೆ ಈ ಹಿನ್ನೆಲೆ ನೆನಪಾಗುತ್ತದೆ.

ಸೋತ ದೇಶಕ್ಕೆ ಧೈರ್ಯ ತುಂಬಿದವರಲ್ಲಿ ಮೊದಲ ಹೆಸರು ಎನ್.ಎಫ್.ಎಸ್. ಗ್ರುಂಟ್ವಿಗ್ ಅವರದು. 1783ರಲ್ಲಿ ಹುಟ್ಟಿ 1872ರಲ್ಲಿ ತೀರಿಕೊಂಡ ಗ್ರುಂಟ್ವಿಗ್ ಪಾದ್ರಿ, ಕವಿ, ಇತಿಹಾಸಕಾರ. ಹಳ್ಳಿಯ ಯುವಕ ಯುವತಿಯರಿಗೆ ಲ್ಯಾಟಿನ್ ವ್ಯಾಕರಣದ ಉರು ಹೊಡೆಸುವ ಶಾಲೆ ಬೇಡ, ಅವರದೇ ಭಾಷೆಯಲ್ಲಿ, ಅವರದೇ ಚರಿತ್ರೆ ಮತ್ತು ಹಾಡುಗಳ ಮೂಲಕ ಬದುಕು ಕಲಿಸುವ ಶಾಲೆ ಬೇಕು ಎಂದವರು ಅವರು. ಪರೀಕ್ಷೆ ಇಲ್ಲ, ಸರ್ಟಿಫಿಕೇಟ್ ಇಲ್ಲ. ಮೇಷ್ಟ್ರು ಎದುರು ನಿಂತು ಮಾತಾಡಬೇಕು, ಕೇಳಿದವರು ಚರ್ಚಿಸಬೇಕು, ಎಲ್ಲರೂ ಕೂಡಿ ಹಾಡಬೇಕು. ಇಂಥ ಮೊದಲ ಜನಪದ ಪ್ರೌಢಶಾಲೆ 1844ರಲ್ಲಿ ಉತ್ತರ ಶ್ಲೆಸ್ವಿಗ್‌ನ ರೋಡಿಂಗ್ ಎಂಬಲ್ಲಿ ಶುರುವಾಯಿತು. 1864ರಲ್ಲಿ ಆ ಊರು ಪರರ ಪಾಲಾದಾಗ ಶಾಲೆ ಹೊಸ ಗಡಿಯ ಈಚೆ ಇದ್ದ ಆಸ್ಕೋವ್ ಎಂಬಲ್ಲಿ ಮತ್ತೆ ಬಾಗಿಲು ತೆರೆಯಿತು. ರೈತರ ಗಂಡುಮಕ್ಕಳು ಚಳಿಗಾಲದಲ್ಲಿ, ಹೆಣ್ಣುಮಕ್ಕಳು ಬೇಸಿಗೆಯಲ್ಲಿ ಬಂದು ಕೆಲವು ತಿಂಗಳು ಅಲ್ಲೇ ಉಳಿದು ಕಲಿತು ಹೋಗುವುದು ವಾಡಿಕೆಯಾಯಿತು. ಡೆನ್ಮಾರ್ಕಿನ ಹಾಲಿನ ಸಹಕಾರ ಸಂಘಗಳನ್ನು ಕಟ್ಟಿ ಬೆಳೆಸಿದವರಲ್ಲಿ ಇಂಥ ಶಾಲೆಗಳಲ್ಲಿ ಕಲಿತ ರೈತರೇ ಹಲವರು.

ಈ ಶಾಲೆ ಅಮೆರಿಕಕ್ಕೆ ಬಂದದ್ದು ಎಲ್ಕ್ ಹಾರ್ನಿಗೆ. 1878ರಲ್ಲಿ, ಊರಿನ್ನೂ ಊರಾಗಿ ನಿಲ್ಲುವ ಮೊದಲೇ, ಅಮೆರಿಕದ ಮೊದಲ ಡ್ಯಾನಿಶ್ ಜನಪದ ಶಾಲೆ ಇಲ್ಲಿ ಶುರುವಾಯಿತು. ಆ ದಿನಗಳ ಐಯೋವಾ ಹುಲ್ಲುಗಾವಲಿನ ನೆಲ. ಬೇರು ಹೆಣೆದುಕೊಂಡ ಆ ಹುಲ್ಲುಮಣ್ಣನ್ನು ಮೊದಲ ಸಲ ಉಳುವುದೇ ಎತ್ತುಗಳ ಪ್ರಾಣ ಹಿಂಡುವ ಕೆಲಸ. ಅಂಥ ಕಾಲದಲ್ಲಿ, ಹೊಟ್ಟೆಗೆ ಬೇಕಾದ್ದೇ ಇನ್ನೂ ಪೂರ್ತಿ ಕೈಗೆ ಬಾರದಿರುವಾಗ, ಹಾಡು ಮತ್ತು ಚರಿತ್ರೆ ಕಲಿಸುವ ಶಾಲೆಗೆ ಜನ ಹಣ ಕೂಡಿಸಿದರು. ಹೊಸಬರಿಗೆ ಇಂಗ್ಲಿಷ್ ಮತ್ತು ಲೆಕ್ಕ ಕಲಿಸುವ ಕೆಲಸವೂ ಈ ಶಾಲೆಗಳ ಹೆಗಲಿಗೆ ಬಿತ್ತು. ಹಳೆಯ ದೇಶದ ಶಾಲೆಗೂ ಇಲ್ಲಿಯ ಶಾಲೆಗೂ ಇದ್ದ ದೊಡ್ಡ ವ್ಯತ್ಯಾಸ ಅದೇ. ಮುಂದೆ ಮಿಚಿಗನ್, ಮಿನ್ನೆಸೋಟ, ನೆಬ್ರಾಸ್ಕಗಳಲ್ಲೂ ಇಂಥ ಶಾಲೆಗಳು ಹುಟ್ಟಿದವು. ಹೆಚ್ಚಿನವು ಒಂದೆರಡು ತಲೆಮಾರಿನಲ್ಲಿ ಮುಚ್ಚಿಹೋದವು. ಆದರೆ ಈ ವಿಚಾರ ಡೇನರ ಕೈ ದಾಟಿ ಎಲ್ಲೆಲ್ಲಿಗೋ ಹೋಯಿತು. ಟೆನೆಸಿಯ ಮೈಲ್ಸ್ ಹಾರ್ಟನ್ ಡೆನ್ಮಾರ್ಕಿಗೇ ಹೋಗಿ ಈ ಶಾಲೆಗಳನ್ನು ನೋಡಿ ಬಂದು 1932ರಲ್ಲಿ ಹೈಲ್ಯಾಂಡರ್ ಜನಪದ ಶಾಲೆ ತೆರೆದರು. 1955ರ ಬೇಸಿಗೆಯಲ್ಲಿ ಅಲ್ಲಿ ಕಲಿತು ಹೋದ ರೋಸಾ ಪಾರ್ಕ್ಸ್ ಅದೇ ವರ್ಷ ಡಿಸೆಂಬರ್‌ನಲ್ಲಿ ಮಾಂಟ್ಗೊಮೆರಿಯ ಬಸ್ಸಿನಲ್ಲಿ ಸೀಟು ಬಿಟ್ಟುಕೊಡಲು ಒಪ್ಪಲಿಲ್ಲ. ಪುಟ್ಟ ದೇಶವೊಂದರ ಪಾದ್ರಿ ರೈತರ ಮಕ್ಕಳಿಗೆಂದು ಹೇಳಿದ ಮಾತು ಅಮೆರಿಕದ ಕಪ್ಪು ಜನರ ಹೋರಾಟಕ್ಕೆ ಬಂದು ಸೇರಿದ ಈ ದಾರಿಯನ್ನು ಡ್ಯಾನಿಶ್ ಪರಂಪರೆ ಎಂದಾಗ ಯಾರೂ ಸಾಮಾನ್ಯವಾಗಿ ಎಣಿಸುವುದಿಲ್ಲ. ಎಣಿಸಬೇಕು.

ಗ್ರುಂಟ್ವಿಗ್ ಹೆಸರಿನಲ್ಲಿ ಶುರುವಾದ ಊರು ಗ್ರುಂಟ್ವಿಗ್ ಕಾರಣಕ್ಕೇ ಒಡೆಯಿತು. ಡೆನ್ಮಾರ್ಕಿನ ಚರ್ಚಿನೊಳಗೆ ಅದೇ ಕಾಲಕ್ಕೆ ಇನ್ನೊಂದು ಚಳವಳಿ ಬಲವಾಗಿತ್ತು. ವಿಲ್ಹೆಲ್ಮ್ ಬೆಕ್ ಎಂಬ ಪಾದ್ರಿಯ ನಾಯಕತ್ವದ ‘ಇನ್ನರ್ ಮಿಷನ್’ ಪಾಪ, ಪಶ್ಚಾತ್ತಾಪ, ಶುದ್ಧ ನಡತೆಗೆ ಒತ್ತು ಕೊಡುತ್ತಿತ್ತು. ಅವರಿಗೆ ಬೈಬಲ್ ಅಕ್ಷರಶಃ ದೇವರ ಮಾತು. ಕುಣಿತ, ಇಸ್ಪೀಟು, ಕುಡಿತ ಆತ್ಮಕ್ಕೆ ಅಪಾಯ. ಗ್ರುಂಟ್ವಿಗ್ ಬಳಗದವರಿಗೋ ದೀಕ್ಷಾಸ್ನಾನದ ಹೊತ್ತಿಗೆ ಸಭೆಯೆಲ್ಲ ಕೂಡಿ ಹೇಳುವ ವಿಶ್ವಾಸದ ಮಾತೇ ಮೊದಲು. ಅದು ಬೈಬಲ್ ಬರೆಯುವುದಕ್ಕೂ ಮುಂಚಿನಿಂದ ಬಾಯಿಂದ ಬಾಯಿಗೆ ಬಂದದ್ದು ಎಂದು ಅವರು ನಂಬಿದ್ದರು. ಮನುಷ್ಯ ಮನುಷ್ಯನಾಗಿ ಚೆನ್ನಾಗಿ ಬಾಳುವುದು, ಹಾಡುವುದು, ಕುಣಿಯುವುದು, ತನ್ನ ಜನರ ಚರಿತ್ರೆ ತಿಳಿಯುವುದು ಭಕ್ತಿಗೆ ಅಡ್ಡಿಯಲ್ಲ ಎಂಬುದು ಅವರ ನಿಲುವು.

ಡೆನ್ಮಾರ್ಕಿನಲ್ಲಿ ಎರಡೂ ಬಣಗಳು ರಾಷ್ಟ್ರೀಯ ಚರ್ಚಿನ ಒಂದೇ ಸೂರಿನಡಿ ಗೊಣಗಿಕೊಂಡು ಬದುಕಿದವು. ಅಮೆರಿಕದಲ್ಲಿ ಸರ್ಕಾರಿ ಚರ್ಚು ಇಲ್ಲ. ಪಾದ್ರಿಯ ಸಂಬಳವನ್ನು ಭಕ್ತರೇ ಕೊಡಬೇಕು, ಕಟ್ಟಡವನ್ನು ಭಕ್ತರೇ ಕಟ್ಟಬೇಕು. ಹಣ ಕೊಡುವವನಿಗೆ ಮಾತೂ ಇರುತ್ತದೆ. 1887ರಲ್ಲಿ ಗ್ರುಂಟ್ವಿಗ್‌ರ ಮಗ ಫ್ರೆಡೆರಿಕ್ ಲಾಂಗೆ ಗ್ರುಂಟ್ವಿಗ್, ಐಯೋವಾದ ಕ್ಲಿಂಟನ್ ಊರಿನ ಪಾದ್ರಿ, ಅಮೆರಿಕದ ಡೇನರ ಭಾಷೆ ಮತ್ತು ಸಂಸ್ಕೃತಿ ಉಳಿಸಲು ಒಂದು ಜನಸಂಘ ಕಟ್ಟಿದರು. ಇಲ್ಲಿಯ ಡೇನರಿಗೆಂದೇ ಹಾಡಿನ ಪುಸ್ತಕ ಸಂಪಾದಿಸಿದವರೂ ಅವರೇ. ಸಂಘಕ್ಕೆ ಸೇರಲು ಡೇನನಾಗಿದ್ದರೆ ಸಾಕು, ಚರ್ಚಿನ ಸದಸ್ಯನಾಗಿರಲೇಬೇಕು ಎಂದಿರಲಿಲ್ಲ. ಅಲ್ಲಿಗೆ ಕಿಡಿ ಹತ್ತಿಕೊಂಡಿತು. ‘ಡೇನರಾಗಿ ಉಳಿಯುವುದು ದೊಡ್ಡದೋ, ಕ್ರಿಸ್ತನವರಾಗಿ ಉಳಿಯುವುದು ದೊಡ್ಡದೋ’ ಎಂದು ಭಕ್ತರ ಬಣ ಕೇಳಿತು. ಇಂಗ್ಲಿಷಿನಲ್ಲೂ ದೇವರನ್ನು ಪ್ರಾರ್ಥಿಸಬಹುದು, ಭಾಷೆಗಾಗಿ ಆತ್ಮ ಕಳೆದುಕೊಳ್ಳಬೇಕೇ ಎಂಬುದು ಅವರ ವಾದ. ವಿಸ್ಕಾನ್ಸಿನ್‌ನಲ್ಲಿದ್ದ ಪಾದ್ರಿಗಳ ತರಬೇತಿ ಶಾಲೆ ಇಬ್ಬರು ಅಧ್ಯಾಪಕರ ಇಂಥದೇ ಜಗಳದಲ್ಲಿ ಮುಚ್ಚಿಹೋಯಿತು. 1894ರಲ್ಲಿ ಅಮೆರಿಕದ ಡೇನರ ಲೂಥರನ್ ಸಭೆ ಇಬ್ಭಾಗವಾಯಿತು. ಹೊರಬಂದ ಭಕ್ತರ ಬಣ ತನ್ನ ಹೊಸ ಸಭೆಯನ್ನು ಕಟ್ಟಿಕೊಂಡದ್ದು ಎಲ್ಕ್ ಹಾರ್ನಿನಲ್ಲೇ. ಗ್ರುಂಟ್ವಿಗ್ ಕನಸಿನ ಮೊದಲ ಶಾಲೆ ಇದ್ದ ಊರು ಅವರ ವಿರೋಧಿಗಳ ನೆಲೆಯಾಯಿತು. ಕಿಂಬಲ್ಟನ್ ಗ್ರುಂಟ್ವಿಗ್ ಕಡೆ ಉಳಿಯಿತು.

ಆಮೇಲೆ ಎಲ್ಲವೂ ಜೋಡಿ ಜೋಡಿಯಾಗಿ ನಡೆಯಿತು. ಖುಷಿಯ ಡೇನರಿಗೆ 1896ರಲ್ಲಿ ಐಯೋವಾದ ಡೆ ಮೊಯ್ನ್‌ನಲ್ಲಿ ಗ್ರ್ಯಾಂಡ್ ವ್ಯೂ ಕಾಲೇಜು, ಭಕ್ತ ಡೇನರಿಗೆ ನೆಬ್ರಾಸ್ಕದ ಬ್ಲೇರ್ ಊರಿನಲ್ಲಿ ಡಾನಾ ಕಾಲೇಜು. ಪತ್ರಿಕೆ ಎರಡು, ಮಿಷನ್ ಎರಡು. ಅಷ್ಟೇನೂ ದೊಡ್ಡದಲ್ಲದ ವಲಸಿಗರ ಸಮುದಾಯ ಹೀಗೆ ತನ್ನ ಶಕ್ತಿಯನ್ನು ಎರಡು ಪಾಲು ಮಾಡಿಕೊಂಡಿತು. ನಾರ್ವೆ, ಸ್ವೀಡನ್ನಿನ ವಲಸಿಗರ ಹೋಲಿಕೆಯಲ್ಲಿ ಡೇನರು ಬೇಗ ಅಮೆರಿಕನ್ನರೊಂದಿಗೆ ಬೆರೆತುಹೋದರು ಎಂದು ಚರಿತ್ರೆಕಾರರು ಹೇಳುತ್ತಾರೆ. ಸಂಖ್ಯೆ ಕಡಿಮೆ ಇದ್ದದ್ದು, ಚದುರಿ ನೆಲೆಸಿದ್ದು, ಗಂಡಸರೇ ಹೆಚ್ಚಾಗಿ ಬಂದು ಹೊರಗಿನವರನ್ನು ಮದುವೆಯಾದದ್ದು ಅದಕ್ಕೆ ಕಾರಣ. ಈ ಒಡಕನ್ನೂ ಕಾರಣಗಳ ಸಾಲಿಗೆ ಸೇರಿಸಲೇಬೇಕು.

ಒಳಗಿನ ಜಗಳ ಹೀಗಿರುವಾಗ ಹೊರಗಿನಿಂದ ಪೆಟ್ಟು ಬಿತ್ತು. ಅಮೆರಿಕ ಮೊದಲನೇ ಮಹಾಯುದ್ಧಕ್ಕೆ ಇಳಿದ ಮೇಲೆ ಜರ್ಮನರ ಮೇಲಿನ ಸಿಟ್ಟು ಇಂಗ್ಲಿಷ್ ಅಲ್ಲದ ಎಲ್ಲ ಭಾಷೆಗಳ ಮೇಲೆ ತಿರುಗಿತು. 1918ರ ಮೇ 23ರಂದು ಐಯೋವಾ ಗವರ್ನರ್ ವಿಲಿಯಂ ಹಾರ್ಡಿಂಗ್ ಒಂದು ಘೋಷಣೆ ಹೊರಡಿಸಿದರು. ಶಾಲೆಗಳಲ್ಲಿ ಪಾಠ ಇಂಗ್ಲಿಷಿನಲ್ಲೇ ಆಗಬೇಕು. ಸಾರ್ವಜನಿಕ ಜಾಗಗಳಲ್ಲಿ, ರೈಲಿನಲ್ಲಿ, ಟೆಲಿಫೋನಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಕೂಡದು. ಸಭೆಯ ಭಾಷಣ ಇಂಗ್ಲಿಷಿನಲ್ಲೇ ಇರಬೇಕು. ಇಂಗ್ಲಿಷ್ ತಿಳಿಯದವರು ತಮ್ಮ ಭಾಷೆಯ ಪ್ರಾರ್ಥನೆಯನ್ನು ಮನೆಯಲ್ಲೇ ಮಾಡಿಕೊಳ್ಳಲಿ. ಅಮೆರಿಕದ ಯಾವ ರಾಜ್ಯವೂ ಇಷ್ಟು ದೂರ ಹೋಗಿರಲಿಲ್ಲ. ರಾಜ್ಯದ ಪೂರ್ವಕ್ಕಿರುವ ಸ್ಕಾಟ್ ಕೌಂಟಿಯಲ್ಲಿ ಫೋನಿನಲ್ಲಿ ಜರ್ಮನ್ ಮಾತಾಡಿದರೆಂದು ಕೆಲವು ರೈತ ಹೆಂಗಸರಿಗೆ 225 ಡಾಲರ್ ದಂಡ ಹಾಕಿ ಆ ಹಣವನ್ನು ರೆಡ್ ಕ್ರಾಸಿಗೆ ಕೊಡಿಸಿದರು. ಆಗಿನ ಹಳ್ಳಿ ಟೆಲಿಫೋನು ಒಂದೇ ತಂತಿಗೆ ಹಲವು ಮನೆಗಳು ಜೋತುಬಿದ್ದ ವ್ಯವಸ್ಥೆ. ಯಾರು ಮಾತಾಡಿದರೂ ಯಾರು ಬೇಕಾದರೂ ರಿಸೀವರ್ ಎತ್ತಿ ಕೇಳಬಹುದಿತ್ತು.

ಡೇನರಿಗೆ ಇದು ಹೇಗೆ ಮುಟ್ಟಿರಬಹುದು ಎಂದು ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. ಅವರಲ್ಲಿ ಒಂದು ಪಾಲು ಜನ ಜರ್ಮನ್ ಸಮವಸ್ತ್ರ ತೊಡಲು ಒಲ್ಲೆನೆಂದೇ ಊರು ಬಿಟ್ಟು ಬಂದವರು. ಅವರ ಮಕ್ಕಳು ಅಮೆರಿಕದ ಸೇನೆಯಲ್ಲಿ ಜರ್ಮನರ ವಿರುದ್ಧ ಹೋರಾಡುತ್ತಿದ್ದರು. ಡೆನ್ಮಾರ್ಕ್ ಯುದ್ಧದಲ್ಲಿ ತಟಸ್ಥವಾಗಿತ್ತು. ಅತ್ತ ಉತ್ತರ ಶ್ಲೆಸ್ವಿಗ್‌ನಲ್ಲಿ ಉಳಿದಿದ್ದ ಅವರದೇ ಬಂಧುಗಳನ್ನು ಜರ್ಮನಿ ಸಾವಿರಾರು ಸಂಖ್ಯೆಯಲ್ಲಿ ತನ್ನ ಸೇನೆಗೆ ಎಳೆದೊಯ್ದಿತ್ತು. ಇಷ್ಟೆಲ್ಲ ಆಗಿಯೂ ಐಯೋವಾದ ಡ್ಯಾನಿಶ್ ಅಜ್ಜಿಯೊಬ್ಬಳು ಭಾನುವಾರ ತನಗೆ ತಿಳಿಯುವ ಮಾತಿನಲ್ಲಿ ಉಪದೇಶ ಕೇಳುವಂತಿಲ್ಲ. ಮಗ ಯುದ್ಧದಲ್ಲಿ ಸತ್ತರೆ ಅವನ ಶ್ರಾದ್ಧದ ಪ್ರಾರ್ಥನೆಯೂ ಚರ್ಚಿನಲ್ಲಿ ಅವಳ ಭಾಷೆಯಲ್ಲಿ ಆಗುವಂತಿಲ್ಲ. ಯುದ್ಧ ಮುಗಿದು 1918ರ ಡಿಸೆಂಬರ್ 4ರಂದು ಘೋಷಣೆ ರದ್ದಾಯಿತು. ಜಾರಿಯಲ್ಲಿದ್ದದ್ದು ಆರು ತಿಂಗಳಿಗೆ ಸ್ವಲ್ಪ ಹೆಚ್ಚು, ಅಷ್ಟೇ. ಭಾಷೆ ಹೋದದ್ದಕ್ಕೆ ಅದೊಂದನ್ನೇ ಹೊಣೆ ಮಾಡುವುದು ಸರಿಯಲ್ಲ. ಅಷ್ಟರಲ್ಲಾಗಲೇ ಮಕ್ಕಳು ಶಾಲೆಯಿಂದ ಇಂಗ್ಲಿಷ್ ಹೊತ್ತು ತರುತ್ತಿದ್ದರು. ಆದರೆ ಅದುವರೆಗೆ ಡ್ಯಾನಿಶ್ ಮಾತಾಡುವುದು ಹಳೆಯ ಚಾಳಿ ಮಾತ್ರ ಆಗಿತ್ತು, ಆಮೇಲೆ ಅದು ನಾಚಿಕೆಯ ವಿಷಯವಾಯಿತು. ನಾಚಿಕೆ ಹೊಕ್ಕ ಮೇಲೆ ಅಪ್ಪಅಮ್ಮಂದಿರೇ ಮಕ್ಕಳೊಂದಿಗೆ ಇಂಗ್ಲಿಷಿಗೆ ತಿರುಗಿದರು.

ಮುಂದಿನ ಮೂವತ್ತು ನಲವತ್ತು ವರ್ಷಗಳ ಕಥೆ ಬೇಗ ಹೇಳಿ ಮುಗಿಯುತ್ತದೆ. ಚರ್ಚುಗಳು ಇಂಗ್ಲಿಷಿಗೆ ಬಂದವು. 1940ರ ದಶಕದಲ್ಲಿ ಒಂದು ಬಣ, 1950ರ ದಶಕದಲ್ಲಿ ಇನ್ನೊಂದು ಬಣ ತಮ್ಮ ಸಭೆಯ ಹೆಸರಿನಿಂದ ‘ಡ್ಯಾನಿಶ್’ ಎಂಬುದನ್ನು ಕೈಬಿಟ್ಟವು. ಟ್ರ್ಯಾಕ್ಟರು ಬಂದು ಹೊಲಗಳು ದೊಡ್ಡದಾದವು, ಕೈಗಳು ಕಡಿಮೆ ಸಾಕಾದವು, ಹುಡುಗರು ಪಟ್ಟಣ ಸೇರಿದರು.

ವಲಸಿಗರ ಮಕ್ಕಳು ಹೀಗೆ ಹಳೆಯದರಿಂದ ದೂರ ಸರಿಯುವುದನ್ನು ಹತ್ತಿರದಿಂದ ಕಂಡು ಬರೆದವರು ಚರಿತ್ರೆಕಾರ ಮಾರ್ಕಸ್ ಲೀ ಹ್ಯಾನ್ಸೆನ್. ಅವರ ತಂದೆ ಡೆನ್ಮಾರ್ಕಿನವರು, ತಾಯಿ ನಾರ್ವೆಯವರು. ವಲಸೆ ಬಂದವರ ಮಕ್ಕಳು ಮನೆಯ ಮಾತು, ನಡೆನುಡಿಯಿಂದ ಓಡಿಹೋಗಲು ನೋಡುತ್ತಾರೆ, ಮೊಮ್ಮಕ್ಕಳು ಅದನ್ನೇ ಹುಡುಕಿಕೊಂಡು ಬರುತ್ತಾರೆ ಎಂದು ಅವರು 1937ರಲ್ಲಿ ಒಂದು ಭಾಷಣದಲ್ಲಿ ವಾದಿಸಿದರು. ಮೊಮ್ಮಗನಿಗೆ ಉಚ್ಚಾರದ ಅಳುಕಿಲ್ಲ, ತಾನು ಅಮೆರಿಕನ್ ಹೌದೋ ಅಲ್ಲವೋ ಎಂಬ ಅಂಜಿಕೆಯಿಲ್ಲ. ಆದ್ದರಿಂದ ಅಜ್ಜನ ಪೆಟ್ಟಿಗೆ ತೆರೆಯಲು ಅವನಿಗೆ ಧೈರ್ಯ ಇರುತ್ತದೆ. ಈ ಸಿದ್ಧಾಂತ ಎಲ್ಲ ಕಡೆಗೂ ಹೊಂದುವುದಿಲ್ಲ ಎಂದು ಆಮೇಲಿನವರು ತೋರಿಸಿದ್ದಾರೆ. ಎಲ್ಕ್ ಹಾರ್ನಿಗೆ ಮಾತ್ರ ಅದು ಅಳತೆ ತೆಗೆದು ಹೊಲಿದಂತೆ ಹೊಂದುತ್ತದೆ.

ಇಲ್ಲಿ ಕ್ಯಾಲಿಫೋರ್ನಿಯದ ಸಾಲ್ವಾಂಗ್ ಬಗ್ಗೆ ಒಂದು ಮಾತು ಹೇಳಬೇಕು. ಅಮೆರಿಕದ ಡ್ಯಾನಿಶ್ ಊರು ಎಂದರೆ ಹೆಚ್ಚಿನವರಿಗೆ ಮೊದಲು ನೆನಪಾಗುವುದು ಅದೇ. 1911ರಲ್ಲಿ ಗ್ರುಂಟ್ವಿಗ್ ಬಳಗದ ಪಾದ್ರಿಗಳು ಮತ್ತು ಒಬ್ಬ ಅಧ್ಯಾಪಕರು ಸೇರಿ, ಹಳೆಯ ಸಾಂತಾ ಇನೆಸ್ ಮಿಷನ್ ಪಕ್ಕದಲ್ಲಿ ಸುಮಾರು 9,000 ಎಕರೆ ಕೊಂಡು ಆ ಊರು ಕಟ್ಟಿದರು. ಅದೇ ವರ್ಷ ಜನಪದ ಶಾಲೆಯನ್ನೂ ತೆರೆದರು. ಮೊದಮೊದಲು ಅಲ್ಲಿಯ ಮನೆ, ಅಂಗಡಿಗಳು ಕ್ಯಾಲಿಫೋರ್ನಿಯದ ಬೇರೆ ಊರುಗಳಂತೆಯೇ ಇದ್ದವು. 1947ರಲ್ಲಿ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ಪತ್ರಿಕೆ ಇದನ್ನು ಪುಟ್ಟ ಡೆನ್ಮಾರ್ಕ್ ಎಂದು ಕೊಂಡಾಡಿದ ಮೇಲೆ ಪ್ರವಾಸಿಗಳು ಹಿಂಡುಹಿಂಡಾಗಿ ಬರತೊಡಗಿದರು. ಅಂಗಡಿಗಳ ಮುಖಗಳು ಒಂದೊಂದಾಗಿ ಡ್ಯಾನಿಶ್ ಹಳ್ಳಿಯ ವೇಷ ತೊಟ್ಟವು, ಗಾಳಿಗಿರಣಿಗಳು ಎದ್ದವು. ಶಾಲೆ ಮುಚ್ಚಿತು, ಅದರ ಕಟ್ಟಡವನ್ನು ಕೊನೆಗೆ ಕೆಡವಲಾಯಿತು. ಸಾಲ್ವಾಂಗ್ ಜನರ ಪ್ರೀತಿಯನ್ನು ನಾನು ಸಂಶಯಿಸುವುದಿಲ್ಲ. ಅಲ್ಲಿಯ ಬೆಥಾನಿಯಾ ಚರ್ಚಿನ ಚಾವಣಿಯಿಂದ ತೂಗುವ ಹಡಗಿನ ಮಾದರಿ ಡೆನ್ಮಾರ್ಕಿನ ಕಡಲ ಕರೆಯ ಚರ್ಚುಗಳ ನಿಜವಾದ ಸಂಪ್ರದಾಯ. ಆದರೆ ಅಲ್ಲಿಯ ಗಾಳಿಗಿರಣಿಗಳು ಹಿಟ್ಟು ಬೀಸಲೆಂದು ಕಟ್ಟಿದವಲ್ಲ.

ಎಲ್ಕ್ ಹಾರ್ನಿನ ಗಿರಣಿ ಬೀಸಲೆಂದೇ ಕಟ್ಟಿದ್ದು. ಅದು ಹುಟ್ಟಿದ್ದು 1848ರಲ್ಲಿ, ಡೆನ್ಮಾರ್ಕಿನ ಜಟ್‌ಲ್ಯಾಂಡ್ ಭಾಗದ ನೋರ ಸ್ನೇಡೆ ಎಂಬ ಊರಿನಲ್ಲಿ. ಶ್ಲೆಸ್ವಿಗ್‌ಗಾಗಿ ಮೊದಲ ಯುದ್ಧ ಸಿಡಿದ ವರ್ಷವೂ ಅದೇ. 1970ರ ದಶಕದ ಹೊತ್ತಿಗೆ ಡೆನ್ಮಾರ್ಕಿನಲ್ಲಿ ಇಂಥ ಎಷ್ಟೋ ಗಿರಣಿಗಳು ಕೆಲಸವಿಲ್ಲದೆ ಹಾಳುಬಿದ್ದಿದ್ದವು. ಎಲ್ಕ್ ಹಾರ್ನ್ ಕಡೆಯ ರೈತ ಹಾರ್ವಿ ಸಾರ್ನ್‌ಸನ್ ಡೆನ್ಮಾರ್ಕಿಗೆ ಹೋದಾಗ ಅವನ್ನು ಕಂಡು, ಒಂದನ್ನು ನಮ್ಮೂರಿಗೆ ತಂದರೇನು ಎಂದು ಯೋಚಿಸಿದರು. ಅಮೆರಿಕದ ಸ್ವಾತಂತ್ರ್ಯದ 200ನೇ ವರ್ಷ ಹತ್ತಿರ ಬರುತ್ತಿತ್ತು, ಊರೂರೂ ಏನಾದರೊಂದು ಮಾಡಲು ಹೊರಟಿದ್ದವು. 1975ರಲ್ಲಿ ಊರ ಸಭೆ ಕರೆದರು. ಏಳುನೂರು ಜನ ದಾಟದ ಊರು ಕೆಲವೇ ದಿನಗಳಲ್ಲಿ 30,000 ಡಾಲರ್ ಕೂಡಿಸಿತು. ಮಕ್ಕಳುಮರಿ ಸೇರಿ ತಲೆಗೆ ನಲವತ್ತು ಡಾಲರಿಗೂ ಮೇಲೆ. ಕೊನೆಗೆ ಒಟ್ಟು ಖರ್ಚು 1,00,000 ಡಾಲರ್ ಮುಟ್ಟಿತು.

ಸುಮಾರು 60 ಅಡಿ ಎತ್ತರದ ಮರದ ಗಿರಣಿಯನ್ನು ಸಮುದ್ರ ದಾಟಿಸುವುದು ಹೇಗೆ? ಡೆನ್ಮಾರ್ಕಿನ ಬಡಗಿಯೊಬ್ಬರು ಮೊದಲು ಅದರ ಆಳೆತ್ತರದ ಮಾದರಿ ಮಾಡಿದರು. ಆಮೇಲೆ ಗಿರಣಿಯನ್ನು ತೊಲೆ ತೊಲೆಯಾಗಿ ಬಿಚ್ಚುತ್ತ ಪ್ರತಿ ತುಂಡಿಗೂ ಒಂದು ಸಂಖ್ಯೆ ಕೊಟ್ಟರು. ಅದೇ ಸಂಖ್ಯೆಯನ್ನು ಮಾದರಿಯ ಅದೇ ತುಂಡಿನ ಮೇಲೂ ಹಾಕಿದರು. ಮರದ ರಾಶಿಯ ಜೊತೆ ಮಾದರಿಯೂ ಐಯೋವಾಕ್ಕೆ ಬಂತು. ಇಲ್ಲಿ ಯಾರಿಗೂ ಅಂಥ ಗಿರಣಿ ಕಟ್ಟಿ ಗೊತ್ತಿರಲಿಲ್ಲ. ಮಾದರಿಯನ್ನು ಎದುರಿಗಿಟ್ಟುಕೊಂಡು, ಸಂಖ್ಯೆ ಹುಡುಕುತ್ತ, ತೊಲೆಗೆ ತೊಲೆ ಕೂಡಿಸುತ್ತ 1976ರಲ್ಲಿ ಅದನ್ನು ಮತ್ತೆ ನಿಲ್ಲಿಸಿದರು. ಮುನ್ನೂರಕ್ಕೂ ಹೆಚ್ಚು ಜನ ಕೂಲಿಯಿಲ್ಲದೆ ದುಡಿದರು. ಈ ಬಗೆಯ ಗಿರಣಿಯಲ್ಲಿ ಬುಡ ಕದಲುವುದಿಲ್ಲ, ಮೇಲಿನ ಟೋಪಿ ಮಾತ್ರ ಗಾಳಿ ಬೀಸುವ ದಿಕ್ಕಿಗೆ ತಿರುಗುತ್ತದೆ. ರೆಕ್ಕೆ ತಿರುಗಿದಾಗ ಅಡ್ಡ ತೊಲೆ ತಿರುಗಿ, ಅದರ ಹಲ್ಲುಚಕ್ರ ನಡುವಿನ ನಿಲುಕಂಬವನ್ನು ತಿರುಗಿಸಿ, ಕೆಳಗೆ ಬೀಸುಕಲ್ಲು ಸುತ್ತುತ್ತದೆ. ಎಲ್ಕ್ ಹಾರ್ನಿನಲ್ಲಿ ಹೀಗೆ ಬೀಸಿದ ಗೋಧಿ ಮತ್ತು ರೈ ಹಿಟ್ಟನ್ನು ಚೀಲ ಕಟ್ಟಿ ಮಾರಿದರು.

ಈ ಕೆಲಸದಲ್ಲಿ ನನ್ನ ಮನಸ್ಸು ಹಿಡಿದದ್ದು ಇದು. 1878ರಲ್ಲಿ ಅಜ್ಜಂದಿರು ಶಾಲೆ ಕಟ್ಟಿದರು. ಯಾವುದನ್ನು ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆ ಎದ್ದು, ಸಭೆ ಒಡೆಯಿತು. ಗಿರಣಿಗೆ ಅಂಥ ಪ್ರಶ್ನೆಯಿಲ್ಲ. ಅದು ಭಕ್ತರದೂ ಅಲ್ಲ, ಖುಷಿಯವರದೂ ಅಲ್ಲ. ಅದನ್ನು ನಿಲ್ಲಿಸಲು ಡ್ಯಾನಿಶ್ ಬರಬೇಕಿಲ್ಲ, ಸಂಖ್ಯೆ ಓದಲು ಬಂದರೆ ಸಾಕು. ಇದರಲ್ಲಿ ಸ್ವಲ್ಪ ನೋವೂ ಇದೆ. ಭಾಷೆ ಉಳಿದಿದ್ದರೆ ಈ ಜನ ಮರದ ತೊಲೆಗಳಲ್ಲಿ ತಮ್ಮ ಬೇರು ಹುಡುಕಬೇಕಾಗಿರಲಿಲ್ಲ ಎಂದು ವಾದಿಸಬಹುದು. ನಾನು ಹಾಗೆ ವಾದಿಸಲಾರೆ. ಉಳಿದದ್ದರಲ್ಲಿ ಎಲ್ಲರೂ ಕೈ ಹಾಕಬಹುದಾದ್ದನ್ನು ಆರಿಸಿಕೊಂಡ ಅವರ ವಿವೇಕ ನನಗೆ ದೊಡ್ಡದಾಗಿ ಕಾಣುತ್ತದೆ. ಕಿಂಬಲ್ಟನ್ನಿನವರೂ ಸುಮ್ಮನೆ ಕೂರಲಿಲ್ಲ. ಕೋಪನ್‌ಹೇಗನ್‌ನ ಬಂದರಿನಲ್ಲಿ 1913ರಿಂದ ಕುಳಿತಿರುವ ಮತ್ಸ್ಯಕನ್ಯೆಯ ಪ್ರತಿರೂಪವನ್ನು ತಮ್ಮೂರ ಉದ್ಯಾನದಲ್ಲಿ ಕೂರಿಸಿದರು.

ಹಬ್ಬಗಳು ಎರಡು ಮುಖ್ಯ. ಮೇ ತಿಂಗಳ ಕೊನೆಯಲ್ಲಿ ಟಿವೋಲಿ ಫೆಸ್ಟ್, ನವೆಂಬರ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ಕಳೆದ ವಾರಾಂತ್ಯಕ್ಕೆ ಯೂಲೆಫೆಸ್ಟ್, ಅಂದರೆ ಕ್ರಿಸ್ಮಸ್ಸಿನ ಮುಂಚಿನ ಜಾತ್ರೆ. ಕೆಂಪು ಸ್ಕರ್ಟು, ಬಿಳಿ ಏಪ್ರನ್ನು ತೊಟ್ಟ ಮಕ್ಕಳು ಜಾನಪದ ಕುಣಿತ ಕುಣಿಯುತ್ತಾರೆ. ಹಂದಿಮಾಂಸದ ಮೆಡಿಸ್ಟರ್ ಸಾಸೇಜು, ಹುಳಿಸಿಹಿ ಬೆರೆತ ಕೆಂಪು ಕೋಸು ಡೇನರ ಊಟದಲ್ಲಿ ಇರಲೇಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಏಬಲ್‌ಸ್ಕೀವರ್ ಬೇಕು. ಅದನ್ನು ಮಾಡುವ ಬಾಣಲೆ ನೋಡಿದ ಕನ್ನಡಿಗರಿಗೆ ವಿವರಣೆ ಬೇಕಾಗದು, ಅದು ನಮ್ಮ ಪಡ್ಡಿನ ಕಾವಲಿಯೇ. ಎರಕದ ಕಬ್ಬಿಣದಲ್ಲಿ ಏಳೆಂಟು ಕುಳಿಗಳು. ಮೈದಾ, ಮೊಟ್ಟೆ, ಮಜ್ಜಿಗೆಯ ಹಿಟ್ಟನ್ನು ಕುಳಿಗೆ ಹೊಯ್ದು, ತಳ ಗಟ್ಟಿಯಾದೊಡನೆ ಹೆಣಿಗೆ ಕಡ್ಡಿಯಿಂದ ಅರ್ಧ ತಿರುಗಿಸಬೇಕು. ಒಳಗಿನ ಹಸಿ ಹಿಟ್ಟು ಕೆಳಕ್ಕಿಳಿದು ಉಳಿದರ್ಧ ತುಂಬಿಕೊಂಡು ಉಂಡೆಯಾಗುತ್ತದೆ. ಡೆನ್ಮಾರ್ಕಿನಲ್ಲಿ ಇದು ಕ್ರಿಸ್ಮಸ್ ತಿಂಗಳ ತಿಂಡಿ, ಸಕ್ಕರೆ ಪುಡಿ ಮತ್ತು ಜ್ಯಾಮ್ ಜೊತೆ ತಿನ್ನುತ್ತಾರೆ. ಅಮೆರಿಕದ ಡ್ಯಾನಿಶ್ ಊರುಗಳಲ್ಲಿ ವರ್ಷವಿಡೀ, ಅದರಲ್ಲೂ ಬೆಳಗಿನ ತಿಂಡಿಗೆ ತಿನ್ನುವುದುಂಟು. ಮೂಲದಲ್ಲಿ ಹಾಗಿಲ್ಲವಲ್ಲ ಎಂದು ತಪ್ಪು ಹುಡುಕುವವರಿದ್ದಾರೆ. ಮನೆಯ ಸೊಸೆಯಂದಿರು ನೂರು ವರ್ಷ ಮಾಡಿಕೊಂಡು ಬಂದದ್ದಕ್ಕೆ ಬೇರೆ ದಾಖಲೆ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಕ್ರಿಸ್ಮಸ್ ಹೊತ್ತಿಗೆ ಕೆಂಪು ಬಿಳಿ ಕಾಗದ ಹೆಣೆದು ಹೃದಯದಾಕಾರದ ಪುಟ್ಟ ಬುಟ್ಟಿ ಮಾಡುವುದು, ಮನೆ ಕಾಯುವ ನಿಸ್ಸೆ ಎಂಬ ಕುಳ್ಳ ಜೀವಿಗೆ ಅನ್ನದ ಗಂಜಿ ಇಡುವುದು, ಕೈ ಕೈ ಹಿಡಿದು ಕ್ರಿಸ್ಮಸ್ ಮರದ ಸುತ್ತ ಹಾಡುತ್ತ ಸುತ್ತುವುದು ಡೇನರ ಮನೆಗಳ ಹಳೆಯ ರೂಢಿಗಳು.

ಗಿರಣಿ ತಂದ ಊರಿಗೆ ಏಳು ವರ್ಷದಲ್ಲಿ ಇನ್ನೂ ದೊಡ್ಡ ಜವಾಬ್ದಾರಿ ಸಿಕ್ಕಿತು. ಇಡೀ ಅಮೆರಿಕದ ಡೇನರ ನೆನಪುಗಳಿಗೆ ಒಂದು ಸಂಗ್ರಹಾಲಯ ಬೇಕೆಂದು 1983ರಲ್ಲಿ ಸಂಸ್ಥೆ ರೂಪುಗೊಂಡಾಗ ಅದರ ನೆಲೆಯಾಗಿ ಎಲ್ಕ್ ಹಾರ್ನ್ ಆಯ್ಕೆಯಾಯಿತು. ಕಟ್ಟಡ 1994ರಲ್ಲಿ ತೆರೆಯಿತು. ಈಗ ಅದರ ಹೆಸರು ‘ಮ್ಯೂಸಿಯಂ ಆಫ್ ಡ್ಯಾನಿಶ್ ಅಮೆರಿಕ’. ತಮ್ಮ ಅಜ್ಜ ಯಾವ ಊರಿನವರು, ಯಾವ ಹಡಗಿನಲ್ಲಿ ಬಂದರು ಎಂದು ಹುಡುಕುವವರು ಅಲ್ಲಿಯ ವಂಶಾವಳಿ ಕೇಂದ್ರವನ್ನು ಕೇಳಿಕೊಂಡು ಬರುತ್ತಾರೆ. ಹಡಗಿನ ಪೆಟ್ಟಿಗೆಗಳು, ಕಸೂತಿ ಬಟ್ಟೆಗಳು, ಪ್ರಾರ್ಥನೆಯ ಪುಸ್ತಕಗಳು ಎರಡೂ ಬಣಗಳ ಮನೆಗಳಿಂದ ಬಂದು ಒಂದೇ ಸೂರಿನಡಿ ಸೇರಿವೆ. ಚರ್ಚುಗಳೂ ಅಷ್ಟರಲ್ಲಿ ಸೇರಿದ್ದವು. 1960ರಲ್ಲಿ ಭಕ್ತರ ಸಭೆ, 1962ರಲ್ಲಿ ಗ್ರುಂಟ್ವಿಗ್ ಸಭೆ ಬೇರೆ ಬೇರೆ ದೊಡ್ಡ ಲೂಥರನ್ ಸಭೆಗಳಲ್ಲಿ ಲೀನವಾದವು. 1988ರಲ್ಲಿ ಆ ಎರಡೂ ಕೂಡಿ ಒಂದೇ ಚರ್ಚಾದವು. ಭಕ್ತ ಡೇನರ ಡಾನಾ ಕಾಲೇಜು 2010ರಲ್ಲಿ ಮುಚ್ಚಿತು. ಗ್ರ್ಯಾಂಡ್ ವ್ಯೂ ಇನ್ನೂ ನಡೆಯುತ್ತಿದೆ, ಈಗ ಅದು ವಿಶ್ವವಿದ್ಯಾಲಯ.

ಸಂಗ್ರಹಾಲಯದ ಸುತ್ತಲಿನ ನೆಲಕ್ಕೆ ಯೆನ್ಸ್ ಯೆನ್ಸನ್ ಹೆಸರಿಟ್ಟಿದ್ದಾರೆ. 1860ರಲ್ಲಿ ಡೂಬೊಲ್ ಬಳಿ ಹುಟ್ಟಿದ ಯೆನ್ಸನ್, ಊರು ಪರರ ಪಾಲಾದಾಗ ನಾಲ್ಕು ವರ್ಷದ ಮಗು. ಜರ್ಮನ್ ಸೇನೆಯಲ್ಲಿ ಕಡ್ಡಾಯ ಸೇವೆ ಮುಗಿಸಿ 1884ರಲ್ಲಿ ಅಮೆರಿಕಕ್ಕೆ ಬಂದರು. ಷಿಕಾಗೋದ ಉದ್ಯಾನಗಳಲ್ಲಿ ಕೂಲಿಯಾಗಿ ಸೇರಿ ಮುಂದೆ ಆ ನಗರದ ದೊಡ್ಡ ಉದ್ಯಾನಗಳ ಶಿಲ್ಪಿಯಾದರು. ಯುರೋಪಿನಿಂದ ತಂದ ಹೂಗಿಡಗಳು ಇಲ್ಲಿಯ ಮಣ್ಣಿನಲ್ಲಿ ಸೊರಗುವುದನ್ನು ಕಂಡು, ಜನ ಕಳೆಯೆಂದು ಕಿತ್ತೆಸೆಯುತ್ತಿದ್ದ ಹುಲ್ಲುಗಾವಲಿನ ಕಾಡುಹೂಗಳನ್ನೇ ತಂದು ನೆಟ್ಟವರು ಅವರು. ಅದಕ್ಕೇ ಎಲ್ಕ್ ಹಾರ್ನಿನ ಆ ನೆಲದಲ್ಲಿ ಐಯೋವಾದ ಮೂಲದ ಹುಲ್ಲು, ಹೂಗಳನ್ನು ಮತ್ತೆ ಬೆಳೆಸಿದ್ದಾರೆ. ವಲಸಿಗರ ನೇಗಿಲು ಐಯೋವಾದ ಹುಲ್ಲುಗಾವಲನ್ನು ಎಷ್ಟು ಅಳಿಸಿಹಾಕಿತೆಂದರೆ ಈಗ ಉಳಿದಿರುವುದು ಶೇ. 1ಕ್ಕಿಂತ ಕಡಿಮೆ. ಆ ನೇಗಿಲು ಹಿಡಿದವರಲ್ಲಿ ಎಲ್ಕ್ ಹಾರ್ನಿನ ಡೇನರೂ ಇದ್ದರು. ಯೆನ್ಸನ್ 1935ರಲ್ಲಿ, ತಮ್ಮ ಎಪ್ಪತ್ತೈದನೇ ವಯಸ್ಸಿನಲ್ಲಿ, ವಿಸ್ಕಾನ್ಸಿನ್‌ನ ಎಲಿಸನ್ ಬೇ ಎಂಬಲ್ಲಿ ‘ದಿ ಕ್ಲಿಯರಿಂಗ್’ ಎಂಬ ಶಾಲೆ ತೆರೆದರು. ಹುಡುಗನಾಗಿದ್ದಾಗ ತಾವು ಕಲಿತ ಡ್ಯಾನಿಶ್ ಜನಪದ ಶಾಲೆಯೇ ಅದಕ್ಕೆ ಮಾದರಿ. ಪರೀಕ್ಷೆ, ಪದವಿ ಇಲ್ಲದ ಆ ಶಾಲೆಗೆ ಜನ ಇಂದಿಗೂ ಬಂದು ಉಳಿದು ಕಲಿಯುತ್ತಾರೆ. ಅವರಲ್ಲಿ ಹೆಚ್ಚಿನವರು ಡೇನರಲ್ಲ.